ಸಣ್ಣವ್ವನ ರಕ್ತದ ರಿಪೋರ್ಟು

ಸಣ್ಣವ್ವನ ರಕ್ತದ ರಿಪೋರ್ಟು ನನ್ನ ಟೇಬಲ್ಲಿಗೆ ಬಂದದ್ದು ಶನಿವಾರ. ಅವಳು ತೀರಿಕೊಂಡದ್ದು ಬುಧವಾರ. ಆ ರಿಪೋರ್ಟು ಅವಳದೆಂದು ನನಗೆ ತಿಳಿದದ್ದು ಅದರ ಮುಂದಿನ ಸೋಮವಾರ. ಮೂರೂ ದಿನಗಳ ಪುಟಗಳು ನನ್ನ ದಿನಚರಿಯಲ್ಲಿವೆ. ಅವಳ ಗಂಡನಿಗೆ, ಅಂದರೆ ನನ್ನ ಕಾಕಾನಿಗೆ, ಇದನ್ನು ಹೇಳದೆ ಕಳೆದ ದಿನಗಳನ್ನೂ ಎಣಿಸಿದ್ದೇನೆ. ನಲವತ್ತೊಂದು.

ಇಂಡಿ ಪಟ್ಟಣದ ಒಂದು ಖಾಸಗಿ ದವಾಖಾನೆಯಲ್ಲಿ ಡಾಕ್ಟರು ಬರೆದ ಕಾಯಿಲೆಗೆ ಸರಿಯಾದ ಕೋಡ್ ಹಾಕುವುದು ನನ್ನ ಕೆಲಸ. ನಮ್ಮ ಹೃದಯದ ಡಾಕ್ಟರು ಊರೂರು ತಿರುಗುತ್ತಾರೆ. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಬುಧವಾರ ಮುದ್ದೇಬಿಹಾಳ, ಗುರುವಾರ ಬಸವನ ಬಾಗೇವಾಡಿ. ನಾಲ್ಕೂ ಊರಿನ ಕಾಗದಗಳು ಒಂದು ಕ್ಯಾನ್ವಾಸ್ ಚೀಲದಲ್ಲಿ ಅವರ ಕಾರಿನಲ್ಲೇ ತಿರುಗಿ ಶುಕ್ರವಾರ ಸಂಜೆ ನಮ್ಮಲ್ಲಿಗೆ ಬರುತ್ತವೆ.

ಹೃದಯ ಸೋಲತೊಡಗಿದಾಗ ರಕ್ತದಲ್ಲಿ ಬಿಎನ್‌ಪಿ ಎಂಬುದೊಂದು ಏರುತ್ತದೆ. ಅದು ಎಷ್ಟೇ ಏರಿರಲಿ, ಡಾಕ್ಟರು ‘ಹೃದಯ ವೈಫಲ್ಯ’ ಎಂದು ತಮ್ಮ ಕೈಯಾರೆ ಬರೆಯುವವರೆಗೆ ನಾವು ಹಾಗೆ ನಮೂದಿಸುವಂತಿಲ್ಲ. ಮೂತ್ರಪಿಂಡ ಕೆಟ್ಟರೂ ಅದು ಏರಬಹುದು. ಹಾಗಾಗಿ ‘ರಕ್ತಪರೀಕ್ಷೆಯಲ್ಲಿ ಅಸಹಜತೆ’ ಎಂಬ ಆರ್ 79 ಕೋಡ್ ಹಾಕಿ, ಡಾಕ್ಟರಿಗೊಂದು ಪ್ರಶ್ನೆಚೀಟಿ ಬರೆದು ಅದೇ ಚೀಲದಲ್ಲಿ ಇಡಬೇಕು. ಅವರು ಉತ್ತರ ಬರೆದ ಮೇಲೆ ಅದು ಹೃದಯ ವೈಫಲ್ಯದ ಐ 50 ಆಗುತ್ತದೆ. ಮೊಬೈಲಿಗೆ ಕಳಿಸಿದ್ದನ್ನು ಅವರು ನೋಡುವುದಿಲ್ಲ, ಕಾಗದವಿದ್ದರೆ ನೋಡುತ್ತಾರೆ.

ಆ ಶನಿವಾರ ಮೂವತ್ತೊಂದು ಫೈಲು, ನಾಲ್ಕು ಪ್ರಶ್ನೆಚೀಟಿ. ಮೂರನೆಯದು ಹೀಗಿತ್ತು: ಹೆಣ್ಣು, ಐವತ್ತೆರಡು ವರ್ಷ, ಸಿಂದಗಿ ತಾಲ್ಲೂಕು, ಕಾಲು ಬಾವು, ನಡೆದರೆ ದಮ್ಮು. ನೂರು ದಾಟಬಾರದ ಬಿಎನ್‌ಪಿ ನಾಲ್ಕಂಕಿಗೆ ಹೋಗಿತ್ತು. ಡಾಕ್ಟರು ಬರೆದದ್ದು ‘ರಿಪೋರ್ಟು ನೋಡಿ ತೀರ್ಮಾನ’ ಎಂದಷ್ಟೇ. ಹಾಳೆಯ ತುದಿಯಲ್ಲಿ ಫೋನ್ ನಂಬರಿತ್ತು.

“ಇವರಿಗೆ ಫೋನ್ ಮಾಡಿ ಬರ್ರಿ ಅಂತ ಹೇಳೂಣೇನ್ರಿ ಅಕ್ಕಾ?” ಎಂದು ಪಕ್ಕದ ಟೇಬಲ್ಲಿನ ಹಿರಿಯಳನ್ನು ಕೇಳಿದೆ.

“ಬಾಗೇವಾಡಿದು ಮರತೇನ? ನೀ ಒಂದು ಫೋನ್ ಮಾಡಿದಿ, ಆ ಮನಿ ಮಂದಿ ಅಳಕೋತ ಜೀಪ್ ತುಂಬ ಬಂದ್ರು. ಅವರ ಜೋಡಿ ಬಂದ ಪೇಶಂಟ್ ಮುದುಕ ನೋಡಿದ್ರ ಹೊರಗ ಚಾದಂಗಡ್ಯಾಗ ಕುಂತು ಭಜಿ ತಿನ್ನಾಕತ್ತಿದ್ದ! ಮ್ಯಾನೇಜರ್ ಕಡೆ ಬೈಸಿಕೊಂಡಾಕಿ ನಾನು. ಡಾಕ್ಟರವ್ವ ಆಗಬ್ಯಾಡ, ಚೀಟಿ ಹಾಕು.”

ಇಬ್ಬರೂ ನಕ್ಕೆವು. ಚೀಟಿ ಹಾಕಿದೆ. ನನ್ನ ಲೆಕ್ಕದಲ್ಲಿ ಚೀಟಿ ಹೋಯಿತೆಂದರೆ ಆ ಫೈಲು ಮುಗಿದಂತೆ.

ಬುಧವಾರ ಮಧ್ಯಾಹ್ನ ಅವ್ವನ ಫೋನ್ ಬಂತು. ಸಣ್ಣವ್ವ ಅವಳ ತಂಗಿ. ಊರಿನ ಸಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಅನ್ನದ ಪಾತ್ರೆ ಇಳಿಸಿ ಗೋಡೆಗೆ ಒರಗಿ ಕೂತವಳು ಮತ್ತೆ ಏಳಲಿಲ್ಲ. ಮಾಸ್ತರರು ತಮ್ಮ ಕಾರಿನಲ್ಲಿ ಹಾಕಿಕೊಂಡು ಹೊರಟರು, ಸಿಂದಗಿ ಮುಟ್ಟುವುದರೊಳಗೆ ಮುಗಿದಿತ್ತು. ಮಣ್ಣಿಗೆ ಬಂದವರೆಲ್ಲರ ಮುಂದೆ ಕಾಕಾ ಅದೊಂದೇ ಮಾತು ಹೇಳುತ್ತಿದ್ದ. “ದವಾಖಾನಿಗಿ ನಡಿ ಅಂದ್ರ ಗ್ಯಾಸ್ ಐತಿ ಬಿಡ್ರಿ ಅಂತಿದ್ಲು. ರಟ್ಟಿ ಹಿಡಿದು ಎಳಕೊಂಡು ಹೋಗಬೇಕಿತ್ತು ನಾ.”

ಸೋಮವಾರ ಕೆಲಸಕ್ಕೆ ಬಂದಾಗ ಉತ್ತರ ಬಂದ ಚೀಟಿಗಳು ಟೇಬಲ್ಲಿನ ಮೇಲಿದ್ದವು. ಮೂರನೆಯದರಲ್ಲಿ ಡಾಕ್ಟರು ಬರೆದಿದ್ದರು: ‘ಹೃದಯ ವೈಫಲ್ಯ. ತಕ್ಷಣ ಕರೆಸಿ.’ ಕೆಳಗೆ ಬುಧವಾರದ ತಾರೀಖು, ಮುದ್ದೇಬಿಹಾಳ. ಈಗ ಫೋನ್ ಮಾಡಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಾಳೆ ನೋಡಿಕೊಂಡು ನನ್ನ ಮೊಬೈಲಿನಲ್ಲಿ ನಂಬರ್ ಒತ್ತಿದೆ. ಹತ್ತನೆಯ ಅಂಕಿ ಒತ್ತಿದ ಕೂಡಲೆ ಪರದೆಯ ಮೇಲೆ ‘ಸಣ್ಣವ್ವ’ ಎಂದು ಬಂತು.

ತಪ್ಪು ಒತ್ತಿದೆನೆಂದು ಅಳಿಸಿ ಮತ್ತೆ ಒತ್ತಿದೆ. ಮತ್ತೆ ಸಣ್ಣವ್ವ.

ಹಾಳೆಯ ಮೇಲಿದ್ದದ್ದು ಆಧಾರ್ ಕಾರ್ಡಿನ ಹೆಸರು, ಮದುವೆಯಲ್ಲಿ ಗಂಡನ ಮನೆಯವರು ಬದಲಿಸಿ ಇಟ್ಟದ್ದು. ತವರಿನಲ್ಲಿ ಆ ಹೆಸರಿನಿಂದ ಅವಳನ್ನು ಯಾರೂ ಕರೆಯಲಿಲ್ಲ, ನನಗದು ಗೊತ್ತೇ ಇರಲಿಲ್ಲ. ಅವಳ ಮದುವೆಯಾದಾಗ ನಾನು ತೊಟ್ಟಿಲಲ್ಲಿದ್ದೆ. ವಯಸ್ಸೂ ಕಾರ್ಡಿನಲ್ಲಿ ಐದು ವರ್ಷ ಹೆಚ್ಚು.

ಕೈ ತಾಗಿ ಕರೆ ಹೋಗಿಬಿಟ್ಟಿತ್ತು. ಕಾಕಾ ಎತ್ತಿದ. “ಹೇಳವಾ.”

“ನಾಷ್ಟಾ ಆತೇನ ಕಾಕಾ?” ಎಂದೆ.

“ಆತವಾ” ಎಂದ.

ಆಮೇಲೆ ಸಿಂದಗಿಯಲ್ಲಿ ಹೆಸರು ಬರೆದುಕೊಳ್ಳುವವನಿಗೆ ಫೋನ್ ಮಾಡಿದೆ. ರಿಪೋರ್ಟು ಒಯ್ಯಲು ಬರಬೇಕೆಂದು ಆ ಹೆಣ್ಣುಮಗಳಿಗೆ ಹೇಳಿದ್ದೆಯಾ ಎಂದು ಕೇಳಿದೆ. ಅವನಿಗೆ ನೆನಪಿತ್ತು.

“ಹೇಳೇನ್ರಿ ಮೇಡಂ. ಮುಂದಿನ ಮಂಗಳವಾರ ಬಂದು ಕೇಳ್ರಿ ಅಂದೆ. ‘ಯಾಕ ಬರಲಿ? ನಮ್ಮ ಅಕ್ಕನ ಮಗಳು ಇಂಡಿ ಆಫೀಸಿನ್ಯಾಗ ಅದಾಳ. ಎಲ್ಲಾ ಕಾಗದ ಅಕಿ ಕೈಯಾಗೇ ಹೋಗ್ತಾವ. ಏನರ ಇದ್ರ ಅಕಿನೇ ಫೋನ್ ಮಾಡ್ತಾಳ’ ಅಂದ್ಲು. ಭಾಳ ಖುಷೀಲೆ ಹೇಳಿದ್ಲು ನೋಡ್ರಿ. ಯಾಕ್ರಿ, ಏನಾತು?”

ಏನಿಲ್ಲವೆಂದು ಫೋನ್ ಇಟ್ಟೆ. ಆರ್ 79 ತೆಗೆದು ಐ 50 ಹಾಕಿದೆ.

ಪ್ರತಿ ಭಾನುವಾರ ಹೇಳಬೇಕೆಂದುಕೊಳ್ಳುತ್ತಿದ್ದೆ, ಆಗುತ್ತಿರಲಿಲ್ಲ. ಹೆಂಡತಿ ದವಾಖಾನೆಗೆ ಹೋಗಲೇ ಇಲ್ಲ, ತಾನು ಕರೆದೊಯ್ಯಲಿಲ್ಲ ಎಂದು ಕಾಕಾ ತನ್ನನ್ನೇ ಹಳಿದುಕೊಳ್ಳುತ್ತಿದ್ದಾನೆಂದು ಅವ್ವ ಫೋನಿನಲ್ಲಿ ಹೇಳುತ್ತಿದ್ದಳು. ಆ ತಪ್ಪು ಅವನದಾಗಿರಲಿಲ್ಲ. ನಾನು ಬಾಯಿ ತೆರೆಯದ ಹೊರತು ಅವನಿಗೆ ಅದು ತಿಳಿಯುವಂತಿರಲಿಲ್ಲ. ಐದು ಭಾನುವಾರ ಹೀಗೇ ಹೋದವು. ಆರನೆಯದಕ್ಕೆ ಸಿಂದಗಿ ಬಸ್ಸು ಹತ್ತಿದೆ.

ಕಾಕಾ ಮನೆಯ ಮುಂದೆ ತನ್ನ ಟೆಂಪೊ ತೊಳೆಯುತ್ತಿದ್ದ. ನನ್ನನ್ನು ನೋಡಿ ಅದೇ ಮಾತು ತೆಗೆದ. “ಒಂದು ಸಲ ದವಾಖಾನಿ ಮೆಟ್ಟಲಾ ಹತ್ತಿಸಿದ್ರ...”

“ಹತ್ತಿದ್ಲು ಕಾಕಾ. ನಿನಗ ಹೇಳದ ಸಿಂದಗಿಗಿ ಹೋಗಿದ್ಲು. ರಕ್ತ ಕೊಟ್ಟು ಬಂದಿದ್ಲು. ರಿಪೋರ್ಟು ನನ್ನ ಕೈಯಾಗ ಬಂದಿತ್ತು. ಅಕಿದು ಅಂತ ತಿಳೀಲಿಲ್ಲ. ಫೋನ್ ಮಾಡಬೇಕಿತ್ತು, ಮಾಡಲಿಲ್ಲ ನಾ.”

ಅವನು ನಳ ಬಂದ್ ಮಾಡಿದ. ಬೈಯಲಿ ಎಂದು ನಾನು ನಿಂತೇ ಇದ್ದೆ.

“ಒಬ್ಬಾಕಿನೇ ಹೋಗಿದ್ಲೇನ?” ಎಂದು ಕೇಳಿದ.

“ಹೂಂ.”

“ಬಸ್ ಸ್ಟ್ಯಾಂಡಿನಿಂದ ದೂರ ಐತಲ್ಲ. ಆಟೋ ಮಾಡಿದ್ಲೋ, ನಡಕೋತ ಹೋದ್ಲೋ?”

“ಗೊತ್ತಿಲ್ಲ ಕಾಕಾ.”

“ನಡದಿರ್ತಾಳ” ಎಂದು ಟೆಂಪೊದ ಮೆಟ್ಟಿಲ ಮೇಲೆ ಕೂತ. “ಆ ದಮ್ಮಿನ್ಯಾಗ, ನಿಂತು ನಿಂತು, ನಡದೇ ಹೋಗಿರ್ತಾಳ.”