ಹೊಸ್ತಿಲ ಪಕ್ಕದ ಸೆನ್ಸರ್

ಒಂದೋ ಏಣಿಯ ಮೇಲೆ, ಇಲ್ಲದಿದ್ದರೆ ಕುಕ್ಕರಗಾಲಲ್ಲಿ. ನಿಝಾರಾಕ ನೆಟ್ಟಗೆ ನಿಂತು ಕೆಲಸ ಮಾಡಿದ್ದನ್ನು ನಾನು ಕಂಡದ್ದಿಲ್ಲ. ಮೇಲ್ಕಾರಿನ ಈ ಮನುಷ್ಯ ಸೌದಿಯ ಎಣ್ಣೆ ಕಂಪೆನಿಗಳಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಬಂದವರು. ಗ್ಯಾಸ್ ಸೋರಿದರೆ ಕೂಗುವ ಯಂತ್ರ ಕೂರಿಸುವುದು ಅವರ ಕಸುಬು. ಐಸ್ ಪ್ಲಾಂಟಿನ ಅಮೋನಿಯಾ ಹಗುರ, ಮೇಲಕ್ಕೇರುತ್ತದೆ, ಹಾಗಾಗಿ ಅಲ್ಲಿ ಏಣಿ. ಅಡುಗೆ ಗ್ಯಾಸ್ ಭಾರ, ನೆಲದಲ್ಲೇ ಹರಿಯುತ್ತದೆ, ಹಾಗಾಗಿ ಬೆಳ್ತಂಗಡಿಯ ನಮ್ಮ ಬೇಕರಿಯಲ್ಲಿ ಕುಕ್ಕರಗಾಲು.

ನಾನು ಕಮಲಾಕ್ಷ, ಆ ಬೇಕರಿಯ ಮ್ಯಾನೇಜರ್. ಅಲ್ಲಿ ಒಲೆ ಹೊತ್ತಿಸುತ್ತಿದ್ದ ಚಿನ್ನಯ್ಯ ನನ್ನ ಅಕ್ಕನ ಗಂಡ. ಕೆಲಸ ಕೊಡಿಸಿದ್ದು ನಾನೇ.

2003ರಲ್ಲಿ ಸಿಲಿಂಡರಿಗೆಂದು ಹೊಸ ಕೋಣೆ ಕಟ್ಟಿಸಿದೆವು. ಸಿಲಿಂಡರ್ ಬರುವ ಮೊದಲೇ ನಿಝಾರಾಕ ಬಂದು, ಮುಖಕ್ಕೆ ಹಾಕುವ ಪೌಡರನ್ನು ಅಂಗೈಯಲ್ಲಿಟ್ಟು ಊದಿ, ಅದು ತೇಲುವ ದಾರಿಯನ್ನೇ ನೋಡುತ್ತಾ ಕೂತರು. ಪೌಡರ್ ಬಾಗಿಲಿನಡಿಯಿಂದ ಒಲೆಯ ಕೋಣೆಗೆ ನುಸುಳಿತು. ಆ ಹೊಸ್ತಿಲ ಪಕ್ಕದಲ್ಲೇ, ನೆಲದಿಂದ ಒಂದು ಗೇಣು ಮೇಲೆ ಸೆನ್ಸರ್ ಕೂರಿಸಿದರು.

"ಇದನ್ನು ಯಾರೂ ಮುಟ್ಟುವುದು ಬೇಡ. ಗ್ಯಾಸ್ ಸೋರಿದರೆ ಇದೇ ದಾರಿಯಲ್ಲಿ ಬರ್ತದೆ," ಎಂದರು.

ಮುಟ್ಟಿದವನು ನಾನೇ! ಆಯುಧ ಪೂಜೆಯ ದಿನ ಹಿಟ್ಟು ಕಲಸುವ ಯಂತ್ರದಿಂದ ಹಿಡಿದು ತಕ್ಕಡಿಯವರೆಗೆ ಎಲ್ಲಕ್ಕೂ ಕುಂಕುಮ ಇಟ್ಟೆವು, ಸೆನ್ಸರಿಗೂ ಇಟ್ಟೆವು. ಆದರೆ ಹೋಗುವವರ ಬರುವವರ ಕಾಲೆಲ್ಲ ಅದಕ್ಕೆ ತಾಗುತ್ತಿತ್ತು. ಪೂಜೆ ಮಾಡಿದ ಸಾಮಾನಿಗೆ ಕಾಲು ತಾಗಿಸುವುದೆಂದರೇನು! ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಗಣಪತಿ ಫೋಟೋದ ಪಕ್ಕಕ್ಕೆ ಏರಿಸಿದೆ. ಅದಕ್ಕೂ ಒಂದು ತುಂಡು ಮಲ್ಲಿಗೆ ಸಿಕ್ಕಿಸಿದೆ.

ಎರಡು ತಿಂಗಳ ಮೇಲೆ, ಮಧ್ಯಾಹ್ನದ ಊಟ ಮುಗಿಸಿ ಎದ್ದ ಹೊತ್ತಿಗೆ, ನಿಝಾರಾಕ ತಪಾಸಣೆಗೆ ಬಂದರು. ಗೋಡೆ ನೋಡಿ ಹಣೆ ಚಚ್ಚಿಕೊಂಡರು.

"ಎಂತ ಮಾರಾಯ ಇದು? ಗ್ಯಾಸ್ ಏಣಿ ಹತ್ತಿ ಬರ್ತದಾ?"

"ಕಾಲು ತಾಗ್ತದೆ ನಿಝಾರಾಕ. ಪೂಜೆ ಮಾಡಿದ್ದಲ್ವಾ?"

"ಭಕ್ತಿ ಉಂಟು ನಿಂಗೆ, ಒಪ್ಪಿದೆ. ತಲೆ ಉಂಟಾ?"

ನನಗೆ ರೇಗಿಹೋಯಿತು. ಅವರು ಸ್ಕ್ರೂ ಬಿಚ್ಚಿ, ವಯರ್ ಸಮೇತ ಸೆನ್ಸರನ್ನು ಹೊಸ್ತಿಲ ಕಡೆ ಇಳಿಸಿದರು. ಅವರ ಕೈ ಮೊಣಕಾಲಿನ ಮಟ್ಟಕ್ಕೆ ಬರುವಷ್ಟರಲ್ಲಿ ಸೈರನ್ ಕಿರುಚಿತು. ಗ್ಯಾಸ್ ಆಗಲೇ ಸೋರುತ್ತಿತ್ತು. ಕೇಕಿಗೆ ಹಾಕುವ ಎಸೆನ್ಸಿನ ಘಾಟಿನಲ್ಲಿ ನಮಗ್ಯಾರಿಗೂ ವಾಸನೆ ತಿಳಿದಿರಲಿಲ್ಲ.

"ಚಿನ್ನಯ್ಯಾ! ಕಡ್ಡಿ ಗೀರಬೇಡ, ಹೊರಗೆ ನಡಿ!" ಎಂದು ಕೂಗುತ್ತಲೇ ನಿಝಾರಾಕ ಸಿಲಿಂಡರುಗಳತ್ತ ಓಡಿ ವಾಲ್ವ್ ಮುಚ್ಚಿದರು.

ನಾನು ಬಾಗಿಲಿನಿಂದ ಇಣುಕಿದೆ. ಭಾವ ಒಲೆಯ ಮುಂದೆ ಬಗ್ಗಿದ್ದರು. ಬೆಂಕಿಪೆಟ್ಟಿಗೆಯ ಅಂಚಿಗೆ ಒತ್ತಿದ ಕಡ್ಡಿ ಹಾಗೇ ನಿಂತಿತ್ತು. ಕಡ್ಡಿಯನ್ನೂ ಪೆಟ್ಟಿಗೆಯನ್ನೂ ಬೇರೆ ಬೇರೆ ಕೈಯಲ್ಲಿ ಹಿಡಿದುಕೊಂಡು ಅವರು ಮೆಲ್ಲಗೆ ಅಂಗಳಕ್ಕೆ ನಡೆದರು. ಅಯ್ಯೋ, ಅಕ್ಕನಿಗೆ ನಾನು ಏನೆಂದು ಹೇಳುತ್ತಿದ್ದೆ? ಅಂಗಳದಲ್ಲಿ ಕೂತು ಎಲ್ಲರೆದುರೇ ಅತ್ತುಬಿಟ್ಟೆ.

"ಅಳುವುದು ಮತ್ತೆ. ಮೊದಲು ಕಿಟಕಿ ತೆಗೆಯುವ, ಬಾ," ಎಂದು ನಿಝಾರಾಕ ತೋಳು ಹಿಡಿದು ಎಬ್ಬಿಸಿದರು. ಅದರ ಬಗ್ಗೆ ಮುಂದೆ ಒಂದು ದಿನವೂ ಅವರು ಆಡಿ ತೋರಿಸಲಿಲ್ಲ.

ಮರುವರ್ಷದ ಆಯುಧ ಪೂಜೆಗೆ ನಾನು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಹಳೆಯ ಜಾಗಕ್ಕೇ ಮರಳಿದ್ದ ಸೆನ್ಸರಿನ ಪಕ್ಕದ ಗೋಡೆಗೆ ಕುಂಕುಮ ಇಟ್ಟೆ. ಒಲೆಯ ಕೋಣೆಗೆ ಹೊರಟಿದ್ದ ಭಾವನ ಕಾಲು ಸೆನ್ಸರಿಗೆ ತಾಗಿತು. ಅವರು ಥಟ್ಟನೆ ಬಗ್ಗಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ತಾಗ್ಲಿ ಭಾವ," ಎಂದೆ. "ಅದು ಅಲ್ಲೇ ಇರ್ಲಿ."