ಮಹಾಲಿಂಗಯ್ಯನವರ ಕೈಗುಣ

ಡಾಕ್ಟರ್ ಮಹಾಲಿಂಗಯ್ಯನವರನ್ನು ಬಡವರ ಡಾಕ್ಟರೆಂದು ಹೊಗಳುವವರು ಗುಬ್ಬಿಯಿಂದ ಕುಣಿಗಲ್‌ವರೆಗೂ ಇದ್ದಾರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯನ್ನೇ ಒದ್ದು ಬಂದ ತ್ಯಾಗಿ ಎಂದು ಸನ್ಮಾನದ ಸಭೆಯೊಂದರಲ್ಲಿ ಯಾರೋ ಭಾಷಣ ಬಿಗಿದಾಗ ಅವರು ಹೂವಿನ ಹಾರದೊಳಗೆ ಮುಖ ಹುದುಗಿಸಿಕೊಂಡಿದ್ದರು. ನಿಜವೇನೆಂದರೆ, ಆ ಆಸ್ಪತ್ರೆಯ ಇಂಟರ್‌ವ್ಯೂನಲ್ಲಿ ಅವರು ಫೇಲಾಗಿದ್ದರು. ಒದ್ದದ್ದು ಆಸ್ಪತ್ರೆಯೇ ಹೊರತು ಇವರಲ್ಲ. ಗುಬ್ಬಿ ಪಕ್ಕದ ತೆಂಗಿನ ತೋಟದಲ್ಲಿ ಬೆಳೆದವರಿಗೆ ಅಲ್ಲಿಯ ಇಂಗ್ಲಿಷ್ ಒಲಿಯಲಿಲ್ಲ. ಬಂದು ಸರ್ಕಾರಿ ಕೆಲಸ ಸೇರಿದರು. ರಿಟೈರ್ ಆದ ಮೇಲೆ ಶಿರಾ ಗೇಟ್ ಹತ್ತಿರ ನಾಲ್ಕು ಮಂಚದ ನರ್ಸಿಂಗ್ ಹೋಮ್ ತೆರೆದರು. ಬಡವರು ಬಂದರು, ಇವರು ಕುಯ್ದರು, ಅವರು ಎದ್ದು ನಡೆದು ಮನೆಗೆ ಹೋದರು.

ಒಂದು ವಿಷಯಕ್ಕೆ ಮಾತ್ರ ಅವರು ಉಬ್ಬುತ್ತಿದ್ದರು. ಅದು ಅವರ ಕೈಗುಣ. ಮಹಾಲಿಂಗಯ್ಯ ಡಾಕ್ಟರು ಮುಟ್ಟಿದರೆ ಸಾಕು, ಅರ್ಧ ಕಾಯಿಲೆ ಹೋಯಿತೆಂದು ಜನ ಹೇಳುವರು. ಎದುರಿಗೆ ‘ಕೈಗುಣವೂ ಇಲ್ಲ, ಕಾಲ್ಗುಣವೂ ಇಲ್ಲ, ಸುಮ್ಮನೆ ಮಾತ್ರೆ ನುಂಗಿ’ ಎಂದು ಗದರಿದರೂ, ಒಳಗೊಳಗೇ ಅವರಿಗೆ ಹಾಲು ಕುಡಿದಷ್ಟು ಸಂತೋಷ.

ಹೋದ ವರ್ಷ ಆ ಕೈಯೇ ನಡುಗತೊಡಗಿತು. ಮೊದಲು ಗಮನಿಸಿದವರು ಹೆಂಡತಿ ಪ್ರೇಮಲತಾ. ಗಂಡನ ಹಣೆಯ ವಿಭೂತಿ ನೋಡಿ, "ಏನ್ರೀ ಇದು, ಮೂರು ಗೆರೆ ಮೂರು ಊರಿಗೆ ಹೊರಟಿವೆ?" ಎಂದು ನಕ್ಕವರು ಅಲ್ಲಿಗೇ ನಗು ನಿಲ್ಲಿಸಿದರು. "ಇನ್ಮೇಲೆ ಆಪರೇಷನ್ ಎಲ್ಲಾ ರೂಪಶ್ರೀನೇ ಮಾಡ್ಲಿ."

ರೂಪಶ್ರೀ ಎಂದರೆ ಡಾಕ್ಟರ ಕೈಕೆಳಗೆ ಕೆಲಸ ಮಾಡುತ್ತಿದ್ದ ಯುವ ಸರ್ಜನ್. ಮಹಾಲಿಂಗಯ್ಯನವರು ಹೂಂ ಎಂದರು.

ಅದೇ ವಾರ ಹುತ್ರಿದುರ್ಗದಿಂದ ಚೆನ್ನಮ್ಮ ಬಂದರು. ಹೊಕ್ಕುಳ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗಂಟು, ಹರ್ನಿಯಾ. ಕರುಳು ಅದರೊಳಗೆ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ತಡ ಮಾಡುವಂತಿರಲಿಲ್ಲ.

"ರೂಪಶ್ರೀ ಡಾಕ್ಟ್ರು ಮಾಡ್ತಾರೆ ಕಣಮ್ಮ," ಎಂದರು ಮಹಾಲಿಂಗಯ್ಯ.

"ನನ್ ಮಗನ್ನ ಉಳಿಸಿದ್ದು ನಿಮ್ ಕೈ. ಕುಯ್ಯಂಗಿದ್ರೆ ನೀವೇ ಕುಯ್ರಿ. ಇಲ್ಲಾಂದ್ರೆ ಈಗ್ಲೇ ಕುಣಿಗಲ್ ಬಸ್ ಹತ್ತೀನಿ," ಎಂದು ಚೆನ್ನಮ್ಮ ಸೆರಗು ಕೊಡವಿ ಎದ್ದರು.

ನಾಚಿಕೆಗೇಡಿನ ಸಂಗತಿಯೆಂದರೆ, ಮಹಾಲಿಂಗಯ್ಯನವರಿಗೆ ಹಿಗ್ಗಾಯಿತು. ಸಣ್ಣ ಆಪರೇಷನ್, ಮಾಡಿಯೇಬಿಡಬಹುದಲ್ಲ ಎಂದು ಮನಸ್ಸು ಪುಸಲಾಯಿಸಿತು. ಅರವತ್ತು ದಾಟಿದ ಗಂಡಸಿನ ಮನಸ್ಸು ಮಿಠಾಯಿ ಅಂಗಡಿ ಮುಂದೆ ಹಟ ಹಿಡಿದ ಮಗುವಿನಂತೆ ಆಡುತ್ತಿತ್ತು. ಮುದುಕಿಯನ್ನು ಬಸ್ ಹತ್ತಿಸುವುದು ತಪ್ಪು, ತಾವು ಬ್ಲೇಡು ಹಿಡಿಯುವುದು ಇನ್ನೂ ದೊಡ್ಡ ತಪ್ಪು. ಕೊನೆಗೆ ಅವರು ಬಲಗೈಯನ್ನು ಮೇಜಿನ ಮೇಲೆ, ಆಕೆಯ ಕಣ್ಣೆದುರಿಗೆ ಚಾಚಿದರು. ಅದು ತನ್ನ ಪಾಡಿಗೆ ತಾನು ನಡುಗಿತು.

"ನೋಡಮ್ಮ, ನನ್ನ ಕೈಗುಣ ಈಗ ಇಷ್ಟೇ."

ಚೆನ್ನಮ್ಮ ಬಗ್ಗಿ ನೋಡಿದರು. ಆಮೇಲೆ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಮುಚ್ಚಿಕೊಂಡರು. "ಅಯ್ಯೋ ನನ್ನಪ್ಪ, ಮೊದ್ಲೇ ಯೋಳ್ಬಾರ್ದಾ? ಆ ಹುಡ್ಗೀನೇ ಕುಯ್ಲಿ ಬುಡಿ. ನೀವು ನನ್ ತಲೆ ತಾವ ಕೂತ್ಕಳಿ, ಅಷ್ಟ್ ಸಾಕು."

ಹಾಗೇ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಗಿನ ಭಾಗವನ್ನಷ್ಟೇ ಮರಗಟ್ಟಿಸಿದ್ದರಿಂದ ಚೆನ್ನಮ್ಮನಿಗೆ ಎಚ್ಚರವಿತ್ತು. ಅಡ್ಡ ಕಟ್ಟಿದ ಹಸಿರು ಬಟ್ಟೆಯ ಆಚೆ ರೂಪಶ್ರೀ ಕೆಲಸ ಮಾಡುತ್ತಿದ್ದರೆ, ಈಚೆ ಮಹಾಲಿಂಗಯ್ಯನವರು ಆಕೆಯ ಕೈ ಹಿಡಿದುಕೊಂಡು ರಾಗಿ, ಮೊಮ್ಮಕ್ಕಳು ಎಂದು ಹರಟುತ್ತಿದ್ದರು. ಸಾವಿರಾರು ಹೊಟ್ಟೆಗಳನ್ನು ನೋಡಿದ್ದ ಡಾಕ್ಟರು, ಬಟ್ಟೆಯ ಈಚೆಗಿನ ಮುಖ ಇಷ್ಟು ಹೆದರಿರುತ್ತದೆಂದು ಕಂಡದ್ದು ಅಂದೇ. ಅವರಿಗೆ ದುಃಖ ಒತ್ತರಿಸಿ ಬಂತು. ಆದರೂ ಹುಟ್ಟುಗುಣ ಬಿಡಬೇಕಲ್ಲ. ಕತ್ತು ನೀಕಿ, "ರೂಪಶ್ರೀ, ಆ ಹೊಲಿಗೆ ಸ್ವಲ್ಪ..." ಎಂದರು.

"ಸುಮ್ಕಿರಿ ಸ್ವಾಮಿ. ಅವ್ರ ಕೆಲ್ಸ ಅವ್ರು ಮಾಡ್ಲಿ," ಎಂದು ಚೆನ್ನಮ್ಮ ಮಲಗಿದಲ್ಲಿಂದಲೇ ಗದರಿದರು.

ಗುಣವಾಗಿ ಊರಿಗೆ ಹೋದ ಮೇಲೆ ಆಕೆ ಬಾಯಿ ಮುಚ್ಚಿಕೊಂಡಿರಲಿಲ್ಲ. ರೂಪಶ್ರೀಯ ಕೈಗುಣದ ಸುದ್ದಿ ಎಲ್ಲೆಡೆ ಹಬ್ಬಿತು. ಮುಂದಿನ ತಿಂಗಳು ಹುತ್ರಿದುರ್ಗದಿಂದ ಚಿಕ್ಕರಂಗಯ್ಯನೆಂಬಾತ ಹೊಟ್ಟೆ ಹಿಡಿದುಕೊಂಡು ಬಂದ. ಎದುರಿಗೇ ಕೂತಿದ್ದ ಮಹಾಲಿಂಗಯ್ಯನವರನ್ನು ಕಾಂಪೌಂಡರನೆಂದು ತಿಳಿದು, "ರೂಪಶ್ರೀ ಡಾಕ್ಟ್ರು ಒಳಗವ್ರಾ?" ಎಂದು ಕೇಳಿದ. ಅವರು ಸಪ್ಪೆ ಮುಖದಲ್ಲಿ ಒಳಗಿನ ಕೋಣೆ ತೋರಿಸಿದರು.

ಬಾಗಿಲವರೆಗೆ ಹೋದ ಚಿಕ್ಕರಂಗಯ್ಯ, ದಾರಿ ತೋರಿಸಿದ ಕೈ ನಡುಗಿದ್ದು ನೆನಪಾಗಿ, ತಿರುಗಿ ನಿಂತ.

"ತಲೆ ತಾವ ಕೂರೋ ಡಾಕ್ಟ್ರು ನೀವೇನಾ? ನೀವೂ ಒಳೀಕ್ ಬರ್ಬೇಕು ಸ್ವಾಮಿ. ಅವ್ರಿಲ್ದಿದ್ರೆ ಟೇಬಲ್ ಮ್ಯಾಲೆ ಮಲಗ್ಲೇಬ್ಯಾಡ ಅಂದವ್ಳೆ ಚೆನ್ನಮ್ಮ."