ವರ್ಲಿನ್ ಸ್ಟಕಿಯ ಕೆಂಪು ಚುಕ್ಕೆ

ವರ್ಲಿನ್ ಸ್ಟಕಿ ಮೆಕ್ಕೆಜೋಳದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸದಿಂದ ನಿವೃತ್ತನಾದ ಮೇಲೆ ಸುಮ್ಮನೆ ಕೂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅವನು ಸುಮ್ಮನೆ ಕೂರುವ ಜಾತಿಯವನಲ್ಲ. ಬ್ಯಾಂಕಿನಿಂದ ಕಾಗದದಲ್ಲಿ ಸುತ್ತಿದ ಅರ್ಧ ಡಾಲರ್ ನಾಣ್ಯಗಳ ರೋಲುಗಳನ್ನು ತಂದು, ಮನೆಯ ನೆಲಮಾಳಿಗೆಯಲ್ಲಿ ಬಿಚ್ಚಿ, ಅವುಗಳಲ್ಲಿ ಬೆರೆತಿರಬಹುದಾದ ಹಳೇ ಬೆಳ್ಳಿ ನಾಣ್ಯ ಹುಡುಕುವ ಹುಚ್ಚು ಹಿಡಿಸಿಕೊಂಡ. ಅಮೆರಿಕದ ಅಯೋವಾ ರಾಜ್ಯದ ಆ ಪುಟ್ಟ ಊರಿನಲ್ಲಿ ಇದ್ದದ್ದು ಎರಡೇ ಬ್ಯಾಂಕು. ಒಂದು ನೀರಿನ ಟ್ಯಾಂಕಿನ ಪಕ್ಕದಲ್ಲಿ, ಇನ್ನೊಂದು ಚರ್ಚಿನ ಎದುರಿಗೆ.

ನಾಲ್ಕು ವರ್ಷದಲ್ಲಿ ಅವನಿಗೆ ಸಿಕ್ಕಿದ್ದು ಕಾರು ತೊಳೆಯುವ ಅಂಗಡಿಯ ಒಂದು ಟೋಕನ್ನು, ಕೋಟಿನ ಒಂದು ಗುಂಡಿ, ನಲ್ಲಿಯ ಒಂದು ವಾಷರು. ಬೆಳ್ಳಿಯ ಸುಳಿವೂ ಇಲ್ಲ. ಆದರೂ ಪಾಠ ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ನೋಡು ಆರ್ಡಿತ್," ಎಂದು ಊಟದ ಮೇಜಿನಲ್ಲಿ ಹೆಂಡತಿಗೆ ಹೇಳುತ್ತಿದ್ದ. "ಕ್ಯಾಷಿಯರ್ ಹುಡುಗಿಗೆ ಬಿಸ್ಕೆಟ್ ಕೊಟ್ಟು ಕೈಯಲ್ಲಿಟ್ಟುಕೋಬೇಕು. ನಾಣ್ಯದ ಅಂಚು ನೋಡ್ಬೇಕು. ಕಂದು ಗೆರೆ ಇದ್ರೆ ತಾಮ್ರ, ಬೆಳ್ಳಗಿದ್ರೆ ಬೆಳ್ಳಿ. ಇಸವಿ ಓದ್ತಾ ಕೂರೋದೆಲ್ಲ ಹೊಸಬರ ಕೆಲಸ. ನೋಡಿದ ಪ್ರತಿಯೊಂದಕ್ಕೂ ಮಾರ್ಕರಲ್ಲಿ ಚುಕ್ಕೆ ಇಡು, ಮತ್ತೆ ಅದನ್ನೇ ನೋಡೋದು ತಪ್ಪುತ್ತೆ. ಆಮೇಲೆ ಮುಖ್ಯವಾದ್ದು, ಒಂದು ಬ್ಯಾಂಕಲ್ಲಿ ತಂದದ್ದನ್ನ ಅಲ್ಲೇ ವಾಪಸ್ ಕಟ್ಬಾರ್ದು. ಇನ್ನೊಂದರಲ್ಲಿ ಕಟ್ಬೇಕು."

"ಆ ವಾಷರಿಗೆ ಎಷ್ಟು ಬರುತ್ತೆ?" ಎಂದು ಆರ್ಡಿತ್ ಬಟಾಣಿ ಬಡಿಸುತ್ತ ಕೇಳಿದಳು.

ಅವಳ ಕೌದಿ ಹೊಲಿಯುವ ದೊಡ್ಡ ಮರದ ಚೌಕಟ್ಟು ಗ್ಯಾರೇಜಿನಲ್ಲಿ ಹಿಮ ಬಾಚುವ ಯಂತ್ರದ ಹಿಂದೆ ಧೂಳು ತಿನ್ನುತ್ತಿತ್ತು. ಅದನ್ನು ಹಾಕುವಷ್ಟು ಜಾಗವಿದ್ದದ್ದು ನೆಲಮಾಳಿಗೆಯಲ್ಲಿ ಮಾತ್ರ. ಬೇಸಿಗೆ ಮುಗಿಯುವ ಹೊತ್ತಿಗೆ ಅವಳಿಗೂ ಸಾಕಾಯಿತು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಒಂದೇ ಒಂದು ಬೆಳ್ಳಿ ನಾಣ್ಯ ಸಿಗದಿದ್ದರೆ ನೆಲಮಾಳಿಗೆ ತನ್ನದು ಎಂದಳು. ವರ್ಲಿನ್ ಮೀಸೆ ತಿರುವಿ ಒಪ್ಪಿಕೊಂಡ. ಒಪ್ಪಿಕೊಂಡ ರಾತ್ರಿಯಿಂದಲೇ ರೋಲು ಬಿಚ್ಚುವುದು ಎರಡು ಪಟ್ಟಾಯಿತು. ಮೂವತ್ತು ವರ್ಷ ಊರಿನ ಜೋಳವನ್ನೆಲ್ಲ ತೂಗಿದವನು ಈಗ ಗುಂಡಿ, ವಾಷರು ಹೆಕ್ಕುವ ಪೆದ್ದ ಅನ್ನಿಸಿಕೊಳ್ಳಬೇಕಲ್ಲ ಎಂಬ ಹೆದರಿಕೆ.

ಸಾಲದ್ದಕ್ಕೆ ಸೆಪ್ಟೆಂಬರಿನಲ್ಲಿ ಹಸಿರು ಚುಕ್ಕೆಗಳು ಕಾಣಿಸಿಕೊಂಡವು. ರೋಲು ಬಿಚ್ಚಿದರೆ ಸಾಕು, ನಾಣ್ಯದಲ್ಲಿರುವ ಮುಖದ ಕೆನ್ನೆಯ ಮೇಲೆ ಅವನದೇ ಕೆಂಪು ಚುಕ್ಕೆ, ಪಕ್ಕದಲ್ಲಿ ಯಾರದೋ ಹಸಿರು ಚುಕ್ಕೆ. ಅವನು ಟ್ಯಾಂಕಿನ ಬ್ಯಾಂಕಲ್ಲಿ ತಂದು ಚರ್ಚಿನ ಬ್ಯಾಂಕಲ್ಲಿ ಕಟ್ಟುತ್ತಿದ್ದ. ಇನ್ನೊಬ್ಬರು ಯಾರೋ ಅಲ್ಲಿ ತಂದು ಇಲ್ಲಿ ಕಟ್ಟುತ್ತಿದ್ದರು. ನೋಡಿದ್ದನ್ನೇ ಇಬ್ಬರೂ ತಿರುಗಿ ತಿರುಗಿ ನೋಡುವುದಾಗಿತ್ತು.

"ಊರಿಗೆ ಇನ್ನೊಬ್ಬ ಬಂದಿದ್ದಾನೆ," ಎಂದು ಬೆಳಿಗ್ಗೆ ತಿಂಡಿಗೆ ಕೂತು ಕಿಡಿ ಕಾರಿದ. "ಅವನ ಕೈ ಮುರಿಯಾ."

"ಪಾಪ, ಹೊಸಬ ಇರಬೇಕು," ಎಂದಳು ಆರ್ಡಿತ್, ಟೋಸ್ಟಿಗೆ ಬೆಣ್ಣೆ ಸವರುತ್ತ.

ಕಳ್ಳನನ್ನು ಹಿಡಿಯಲೆಂದು ಅವನು ಚರ್ಚಿನ ಬ್ಯಾಂಕಿನ ಮುಂದೆ ಪಿಕಪ್ ನಿಲ್ಲಿಸಿಕೊಂಡು ಕೂತ. ಜಿಂಕೆ ಬೇಟೆಯ ದುರ್ಬೀನನ್ನೂ ತಂದಿದ್ದ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬ್ಯಾಂಕಿನಿಂದ ಹೊರಬಂದವಳು ಆರ್ಡಿತ್, ಹೆಗಲ ಚೀಲದ ಭಾರಕ್ಕೆ ಒಂದು ಭುಜ ಜೋತುಬಿದ್ದಿತ್ತು. ಎದುರಿನ ಚರ್ಚಿಗೆ ಬಂದಿರಬೇಕು, ಹಾಡಿನ ಪುಸ್ತಕ ಎಷ್ಟು ಭಾರವಪ್ಪ ಎಂದುಕೊಂಡು, ಅವಳ ಕಣ್ಣಿಗೆ ಬೀಳಬಾರದೆಂದು ಸ್ಟೀರಿಂಗಿನ ಕೆಳಗೆ ಹುದುಗಿದ. ತಲೆ ಎತ್ತುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ಕಳ್ಳ ಸಿಗಲಿಲ್ಲ, ಕುತ್ತಿಗೆ ಮಾತ್ರ ಉಳುಕಿತು.

ಹಬ್ಬದ ಹಿಂದಿನ ದಿನ ಟ್ಯಾಂಕಿನ ಬ್ಯಾಂಕಿನ ಕ್ಯಾಷಿಯರ್ ಕೆಂಡ್ರಾ ಒಂದೇ ಒಂದು ರೋಲು ಕೊಟ್ಟಳು. "ವರ್ಲಿನ್ ಅವರೇ, ಇದನ್ನ ನಿಮಗೇ ಅಂತ ಎತ್ತಿಟ್ಟಿದ್ದೆ," ಎಂದಳು. ಅವನು ಬಿಸ್ಕೆಟಿನ ಪುಣ್ಯ ಎಂದುಕೊಂಡ.

ಮನೆಗೆ ಬಂದು ಬಿಚ್ಚಿದ. ಕಂದು, ಕಂದು, ಕಂದು, ಬಿಳಿ. ಅಂಚಿನಲ್ಲಿ ಗೆರೆಯೇ ಇಲ್ಲ. ಸಾವಿರದ ಒಂಬೈನೂರ ಅರವತ್ನಾಲ್ಕರದು, ಅಪ್ಪಟ ಬೆಳ್ಳಿ. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೂಗಿಕೊಳ್ಳಲು ಬಾಯಿ ತೆರೆದು ಮೆಟ್ಟಿಲು ಹತ್ತಿದವನು ನಡುವೆಯೇ ನಿಂತುಬಿಟ್ಟ. ನಾಣ್ಯದ ಕೆನ್ನೆಯ ಮೇಲೆ ಹಸಿರು ಚುಕ್ಕೆ ಇತ್ತು.

ಬೆಳ್ಳಿ ಸಿಕ್ಕಿದವರು ಅದಕ್ಕೆ ಚುಕ್ಕೆ ಇಡುವುದಿಲ್ಲ, ಜೇಬಿಗೆ ಇಳಿಸುತ್ತಾರೆ. ಚುಕ್ಕೆ ಇಟ್ಟು, ಮತ್ತೆ ರೋಲಿಗೆ ತುರುಕಿ, ಬ್ಯಾಂಕಿಗೆ ಕಟ್ಟುವವರು ಭೂಮಿಯ ಮೇಲೆ ಯಾರೂ ಇಲ್ಲ. ಬೇಕೆಂತಲೇ ಬಿಟ್ಟುಕೊಟ್ಟಿರಬೇಕು. ಈ ವಿದ್ಯೆಯನ್ನು ಅವನು ಹೇಳಿಕೊಟ್ಟದ್ದು ಒಬ್ಬಳಿಗೇ.

ಅಡುಗೆಮನೆಯಲ್ಲಿ ಆರ್ಡಿತ್ ಆಲೂಗಡ್ಡೆ ಹಿಸುಕುತ್ತಿದ್ದಳು. ಅವನು ಬಾಯಿ ಬಿಡುವ ಮೊದಲೇ, "ಸಿಕ್ತಾ?" ಎಂದಳು.

"ಬೆಳ್ಳಿಗೂ ಯಾರಾದ್ರೂ ಚುಕ್ಕೆ ಇಡ್ತಾರೇನೇ?"

ಆರ್ಡಿತ್ ಹಿಸುಕುವುದನ್ನು ನಿಲ್ಲಿಸಿದಳು. "ನೋಡಿದ್ದಕ್ಕೆಲ್ಲ ಇಡು ಅಂದೋನು ನೀನೇ. ಕೈ ರೂಢಿ ಆಗ್ಬಿಟ್ಟಿದೆ."

"ನಿಂಗೆ ಎಷ್ಟು ಸಿಕ್ಕಿದೆ?"

ಅವಳು ಹಿಟ್ಟಿನ ಡಬ್ಬದ ಹಿಂದಿನಿಂದ ಉಪ್ಪಿನಕಾಯಿಯ ಗಾಜಿನ ಜಾಡಿ ತೆಗೆದು ಮೇಜಿನ ಮೇಲಿಟ್ಟಳು. ಅರ್ಧ ತುಂಬಿತ್ತು. ವರ್ಲಿನ್ ಒಂದು ಹಿಡಿ ತೆಗೆದು ನೋಡಿದ. ಬಹುಪಾಲಿನ ಮೇಲೆ ಅವನದೇ ಕೆಂಪು ಚುಕ್ಕೆಗಳಿದ್ದವು.

"ಅರವತ್ತೈದನೇ ಇಸವಿಯಿಂದ ನಾಲ್ಕೈದು ವರ್ಷ ನಾಣ್ಯಕ್ಕೆ ಅರೆಬೆರಕೆ ಬೆಳ್ಳಿ ಹಾಕಿದ್ರಂತೆ," ಎಂದಳು ಆರ್ಡಿತ್ ಮೆಲ್ಲಗೆ. "ಅಂಚು ನೋಡಿದ್ರೆ ಗೊತ್ತೇ ಆಗಲ್ಲ. ಇಸವಿ ಓದ್ಬೇಕು. ನೀನು ಚುಕ್ಕೆ ಇಟ್ಟು ಕಳಿಸ್ತಿದ್ದೆ, ನಾನು ಎತ್ಕೋತಿದ್ದೆ. ಕೆಂಡ್ರಾ ಕೈಲಿ ನಿಂಗೆ ಕೊಡಿಸಿದ ರೋಲಿಗೆ ಹಾಕಿದ್ದು ಅಂಚು ಬೆಳ್ಳಗಿರೋದನ್ನೇ, ಇಲ್ಲಾಂದ್ರೆ ನೀನು ಅದನ್ನೂ ವಾಪಸ್ ಕಟ್ಟಿರ್ತಿದ್ದೆ."

ವರ್ಲಿನ್‌ಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನಾಚಿಕೆಯಾಯಿತು, ನಗುವೂ ಬಂತು.

"ಯಾಕೆ ಶುರು ಮಾಡಿದೆ?"

"ನನಗಿಂತ ಒಳ್ಳೇ ಜೊತೆ ಅದೇನಿದೆ ಕೆಳಗೆ ಅಂತ ನೋಡೋಣ ಅನ್ನಿಸ್ತು," ಎಂದಳು. "ಆಮೇಲೆ ಸೋತ ಮುಖ ಹಾಕ್ಕೊಂಡು ನೀನು ಹಬ್ಬದ ಊಟಕ್ಕೆ ಟರ್ಕಿ ಕೋಳಿ ಹೆಚ್ಚಿ ಬಡಿಸೋದು ನೋಡೋಕೆ ಮನಸ್ಸಾಗಲಿಲ್ಲ."

ಅವನು ನಾಣ್ಯವನ್ನು ಜಾಡಿಯೊಳಗೆ ಹಾಕಿ, ಕೋಟು ಹಾಕಿಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಗ್ಯಾರೇಜಿನಲ್ಲಿ ಏನೋ ಉರುಳಿದ ಸದ್ದು, ಬೈಗುಳ, ಮತ್ತೆ ಎಳೆದಾಡುವ ಸದ್ದು ಕೇಳಿಸಿತು. ಆರ್ಡಿತ್ ಬಾಗಿಲಿಗೆ ಬಂದು ನೋಡಿದರೆ, ಅವನು ಕೌದಿಯ ಚೌಕಟ್ಟನ್ನು ಹೆಗಲಿಗೆ ಸಿಕ್ಕಿಸಿಕೊಂಡು ಮೆಟ್ಟಿಲ ಕಡೆಗೆ ವಾಲಾಡುತ್ತ ಬರುತ್ತಿದ್ದ.

"ಪಂದ್ಯ ಗೆದ್ದೋನು ನೀನಲ್ವೇನೋ?" ಎಂದಳು.

"ಹೌದು, ಗೆದ್ದೆ," ಎಂದ ವರ್ಲಿನ್ ಏದುಸಿರು ಬಿಡುತ್ತ. "ಒಂದು ತುದಿ ಹಿಡ್ಕೊಳ್ಳೇ. ನಾಳೆಯಿಂದ ನೀನೂ ಕೆಳಗೇ ಕೂತ್ಕೋ."